ಬೆಳಗಾವಿಗೆ ಒಂದು ತಾಸು

ರತ್ನಕ್ಕಾ,

ಮೊನ್ನೆ ಬೆಳಿಗ್ಗೆ ನಿನ್ನ ಮೈದುನ ಫೋನ್ ಮಾಡಿ ನೀನು ಹೋದೆ ಎಂದಾಗ ನನಗೆ ಮೊದಲು ಹೊಳೆದದ್ದು ತವರಿನ ಸೀರೆ. ಅಮ್ಮ ಇಲ್ಲ, ಅಣ್ಣ ಇಲ್ಲ. ಕೊನೆಯ ಸೀರೆ ಹೊದಿಸಲು ನಿನ್ನ ತವರಿನಲ್ಲಿ ಉಳಿದವಳು ನಾನೊಬ್ಬಳೇ. "ಎಷ್ಟೊತ್ತಿಗೆ ಬರ್ತೀರ್ರೀ?" ಎಂದು ಕೇಳಿದರು. "ವಿಮಾನದಲ್ಲಿ ಒಂದೇ ತಾಸು ಕಣ್ರೀ, ಕಾಯ್ತಿರಿ" ಎಂದೆ. ಪ್ರತಿ ಹಬ್ಬಕ್ಕೂ ನನ್ನನ್ನು ಕರೆಯುತ್ತಾ ನೀನು ಹೇಳುತ್ತಿದ್ದ ಮಾತು ಅದು, ಹಾಗೇ ಬಾಯಿಗೆ ಬಂತು.

ನನಗೇನು ಗೊತ್ತಕ್ಕಾ? ಯಲಹಂಕದ ನಮ್ಮ ತಾರಸಿಯ ಮೇಲೆ ದಿನವೂ ವಿಮಾನಗಳು ಹಾರುತ್ತವೆ, ಒಳಗೆ ಕೂತವಳಲ್ಲ. ನನ್ನ ಮಗ ನಿರಂಜನ ಫೋನ್ ನೋಡಿ, "ಅಮ್ಮಾ, ಹಾರೋದು ಒಂದು ಗಂಟೇನೇ, ಆದ್ರೆ ಸೀಟ್ ಇರೋದು ಸಾಯಂಕಾಲದ್ರಲ್ಲಿ" ಎಂದ. ರಸ್ತೆಯಲ್ಲಿ ಹೋದರೆ ಐನೂರು ಕಿಲೋಮೀಟರ್, ತಲುಪುವಾಗ ಅದರಲ್ಲೂ ಕತ್ತಲಾಗುತ್ತದೆ. ಮತ್ತೆ ಫೋನ್ ಮಾಡಿ ಹೇಳಿದರೆ, ಕಾಯುವುದಿಲ್ಲ ಎಂದುಬಿಟ್ಟಾರು ಎಂಬ ಹೆದರಿಕೆ. ಹೇಳಲಿಲ್ಲ.

ಸಾಯಂಕಾಲದ ವಿಮಾನ ಹಿಡಿದು ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. "ಒಂದು ತಾಸು ಅಂದ್ರಿ, ಹೊತ್ತು ಇಳಿಯೂತನಕ ಕಾದ್ವಿ. ಇನ್ನೆಷ್ಟ್ ಕಾಯೋದ್ರೀ?" ಎಂದರು ನಿನ್ನ ಮೈದುನ. ಪಕ್ಕದ ಮನೆಯವರು ಕೊಟ್ಟ ಸೀರೆ ಹೊದಿಸಿ ಕಳಿಸಿದರಂತೆ.

ನಾನು ತಂದದ್ದನ್ನು ಆ ಹಸಿ ಮಣ್ಣಿನ ಮೇಲೇ ಹೊದಿಸಿದೆ. ಹಾರದಿರಲಿ ಎಂದು ಸುತ್ತ ಕಲ್ಲಿಟ್ಟೆ. ಇವತ್ತು ಇಲ್ಲಿ ಬೆಳಿಗ್ಗೆಯಿಂದ ಗಾಳಿ. ಅಲ್ಲೂ ಬೀಸುತ್ತಿದೆಯೇನೋ. ಇನ್ನೂ ದೊಡ್ಡ ಕಲ್ಲು ಇಡಬೇಕಿತ್ತು.