ಗೌರಿಯ ಮುಂಗಾಲಿನ ವಿಚಾರ

ಬಂಡಳ್ಳಿಯ ಹೊಲದಲ್ಲಿ ಮಲಗಿರುವ ನನ್ನ ಸೋದರಮಾವನಿಗೆ,

ಮಾವ, ಈ ಕಾಗದ ಬರೆಯೋದಕ್ಕೆ ನೀನು ಹೋಗಿ ಎರಡು ವರ್ಷ ಆಗಬೇಕಾಯ್ತು. ನೀನು ಬದುಕಿದ್ದಾಗಲೇ ಒಂದು ಸಲ ಬಾಯಿ ಬಿಟ್ಟಿದ್ದರೆ ಈ ಶಾಯಿ ಉಳಿಯುತ್ತಿತ್ತು. ಬಿಡಲಿಲ್ಲ. ಈಗ ಸಾಕಾಗಿದೆ, ಸುತ್ತಿ ಬಳಸಿ ಹೇಳುವ ತ್ರಾಣವೂ ಇಲ್ಲ. ಗೌರಿಯ ಕಾಲು ಹಾಳಾದದ್ದು ಡಾಕ್ಟರಿಂದ ಅಲ್ಲ. ನನ್ನಿಂದ.

ಗೌರಿಯನ್ನು ನೀನು ಊರಿಗೆ ತಂದ ದಿನ ಇನ್ನೂ ಕಣ್ಣಲ್ಲಿದೆ. ಸವಾರ ಪಡೆಯಲ್ಲಿ ಅಷ್ಟು ವರ್ಷ ದುಡಿದು ಬಂದವನು ಒಂದು ಜೋಡಿ ಒಳ್ಳೆಯ ಎತ್ತು ತರುತ್ತಾನೆ ಅಂತ ಎಲ್ಲರೂ ಕಾದಿದ್ದರು. ನೀನು ತಂದದ್ದು ಎತ್ತರ ಸಾಲದು ಅಂತ ಪಡೆಯವರು ಕೈಬಿಟ್ಟ ಕಂದು ಬಣ್ಣದ ಹೆಣ್ಣು ಕುದುರೆ. ಅದನ್ನೂ ಹತ್ತದೆ, ಹಗ್ಗ ಹಿಡಿದು ನಡೆದು ಬಂದಿದ್ದೆ. ಅವ್ವ ತಲೆ ಮೇಲೆ ಕೈ ಹೊತ್ತು, "ಅಲ್ಲ ಕಣಣ್ಣ, ಇದು ಉಳಕ್ಕಾಯ್ತದಾ?" ಅಂದಳು. ನಾನು, "ಅತ್ಕಂಡ್ ಬರ್ಬಾರ್ದಾಗಿತ್ತಾ ಮಾವ?" ಅಂದೆ. "ಲಾಳ ಸವ್ದದೆ ಕಣ್ಲಾ. ಕಲ್ದಾರಿ," ಅಂದೆ ನೀನು. ನಿನ್ನ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಅದನ್ನು ಕೇಳಿದವರು ಯಾರೂ ಇಲ್ಲ.

ಜೀನು ಹಾಕೋದನ್ನ ಕಲಿಸುವ ಮೊದಲು ನೀನು ನನಗೆ ಕಾಲು ಮುಟ್ಟೋದನ್ನ ಕಲಿಸಿದೆ. "ಅಂಗೈಲಲ್ಲ, ಕೈ ಬೆನ್ನಲ್ಲಿ ಮುಟ್ಲಾ. ಅಂಗೈ ಜಡ್ಡುಗಟ್ಟದೆ, ಅದ್ಕೇನೂ ಗೊತ್ತಾಗಕಿಲ್ಲ. ನಾಕು ಕಾಲೂ ಮುಟ್ಟು. ಒಂದು ಬಿಸಿ ಇದ್ರೆ ಒಳ್ಗೆ ಪೆಟ್ಟಾಗದೆ ಅಂತ, ಜೀನು ಕೆಳ್ಗೆ ಇಡು, ಅವತ್ತು ನೀನು ನಡ್ಕಂಡೋಗು." ಓಡಿಸಿ ಬಂದ ಮೇಲೆ ಕೆರೆಯ ತಳದ ಕರಿ ಮಣ್ಣು ತಂದು, ನೀನು ಉಪ್ಪು ಕಲಸಿ, ಬಿಸಿ ಎಳೆಯಲಿ ಅಂತ ಮೊಣಕಾಲಿಂದ ಗೊರಸಿನವರೆಗೂ ಮೆತ್ತುತ್ತಿದ್ದೆ. ದಡದ ಮಣ್ಣು ಆಗದು, ನೀರಿನಡಿಯದೇ ಆಗಬೇಕು. ಆ ಮಣ್ಣಿನ ವಾಸನೆ ನಿನ್ನ ಅಂಗಿಗೂ ಹತ್ತಿತ್ತು. ಸುತ್ತಮುತ್ತ ಈ ವೈದ್ಯ ಗೊತ್ತಿದ್ದವನು ನೀನೊಬ್ಬನೇ. ನೀನು ಕಲಿಸಿದವನು ನಾನೊಬ್ಬನೇ.

ಭಾನುವಾರಗಳು ನೆನಪಾಗುತ್ತವೆ. ಕೊಳ್ಳೇಗಾಲದ ದನದಾಸ್ಪತ್ರೆಯ ಡಾಕ್ಟರ ಜಗಲಿ, ಚೌಕಾಬಾರದ ಮನೆ, ನೀವಿಬ್ಬರೂ. ಅವರು ತಮಿಳು ಬೆರೆಸಿ ಬೈಯೋದು, ನೀನು ನಮ್ಮೂರ ಮಾತಲ್ಲಿ ಬೈಯೋದು. ಹೆಂಡತಿ ಇಲ್ಲದ ನಿನಗೆ ಇಡೀ ತಾಲ್ಲೂಕಿನಲ್ಲಿ ಇದ್ದ ಸ್ನೇಹ ಅದೊಂದೇ ಅಲ್ಲವೇ? ಅದು ಗೊತ್ತಿದ್ದೂ ನಾನು…

ಪಂದ್ಯದ ಮೊದಲ ದಿನ ನೀನು ಹಳೆಯ ಪಡೆಯ ಕೋಟು ಹಾಕಿಕೊಂಡು, ಕೆಮ್ಮುತ್ತಾ ಗಾಡಿಯಿಂದ ಇಳಿದೆ. ಹಳೆಯ ಸವಾರರೂ ಕುದುರೆ ಸಾಕಿದ ಜಮೀನ್ದಾರರೂ ಸೇರಿ ನಡೆಸಿದ ಮೂರು ದಿನದ ಪಂದ್ಯ. ಒಂದು ದಿನ ಕೊಳ್ಳೇಗಾಲದ ಮೈದಾನದಲ್ಲಿ ಹೇಳಿದಂತೆ ಹೆಜ್ಜೆ ಹಾಕಿಸೋದು, ಮರುದಿನ ಬದು ಹಳ್ಳ ಹಾರಿಕೊಂಡು ಮಾಂಬಳ್ಳಿ ಮುಟ್ಟಿ ಬರೋದು, ಕೊನೆಯ ದಿನ ಮೈದಾನದಲ್ಲಿ ಬೇಲಿ ಹಾರಿಸೋದು. ಮೂರಕ್ಕೂ ಒಂದೇ ಕುದುರೆ, ಒಬ್ಬನೇ ಸವಾರ. ಮದ್ರಾಸ್ ಪ್ರಾಂತ್ಯದ ಕೊಳ್ಳೇಗಾಲ ಬಿಟ್ಟು ಮೈಸೂರು ಸೀಮೆಯ ಮಾಂಬಳ್ಳಿ ಮುಟ್ಟೋದು ಅಂದರೆ ನಮ್ಮ ಹುಡುಗರಿಗೆಲ್ಲ ಪರದೇಶ ಗೆದ್ದಷ್ಟು ಜಂಬ. ಮೊದಲ ದಿನವೇ ಗೌರಿಯೂ ಅವಳ ಸವಾರನಾದ ನಾನೂ ಮುಂದಿದ್ದೆವು.

ಎರಡನೇ ದಿನ, ಮಾಂಬಳ್ಳಿಯಿಂದ ವಾಪಸ್ಸು ಬರುವಾಗ ಗೌರಿ ಒಂದು ಒಣ ಹಳ್ಳಕ್ಕೆ ಇಳಿದು ಹಾರಿದಳು. ಆಚೆ ದಡದಲ್ಲಿ ಕಾಲೂರಿದಾಗ ಎಡ ಮುಂಗಾಲಿನ ಹೆಜ್ಜೆ ಚೂರು ಗಿಡ್ಡವಾಯ್ತು. ಕಂಡವರು ಯಾರೂ ಇಲ್ಲ. ನನ್ನ ತೊಡೆಗೆ ಗೊತ್ತಾಯ್ತು. ಇಳಿಯಬೇಕಿತ್ತು. ಇಳಿಯಲಿಲ್ಲ. ಮೈದಾನ ಮುಟ್ಟಿದಾಗ ಜನ ಕೂಗಿದ್ದು ನೆನಪಿದೆಯಾ? ನೀನು ಕಂಬ ಹಿಡಿದು ಎದ್ದು ನಿಂತಿದ್ದೆ.

ಮೂರನೇ ದಿನ ಬೆಳಗ್ಗೆ ಕೈ ಬೆನ್ನಿಟ್ಟು ನೋಡಿದೆ. ಬಿಸಿ. ಬೇಲಿ ಹಾರಿಸುವ ಮೊದಲು ಡಾಕ್ಟರು ಒಂದೊಂದು ಕುದುರೆಯ ಕಾಲೂ ಮುಟ್ಟಿ ನೋಡೋದು ಕಟ್ಟಳೆ; ಬಿಸಿ ಇದ್ದರೆ ಅಲ್ಲಿಗೆ ಮುಗಿಯಿತು. ನಾನು ಕೆರೆಗೆ ಹೋಗಿ ತಳದ ಮಣ್ಣು ತಂದೆ. ಮೆತ್ತಿದೆ, ಒಣಗುವ ಮೊದಲೇ ತೆಗೆದೆ, ಮತ್ತೆ ಮೆತ್ತಿದೆ. ಕಾಲು ತಣ್ಣಗಾಗುವವರೆಗೂ ಅದನ್ನೇ ಮಾಡಿ, ಕೊನೆಗೆ ತೊಳೆದು ಒರೆಸಿ ಕರೆದೊಯ್ದೆ. ವಾಸಿ ಮಾಡಲಿಕ್ಕೆ ನೀನು ಕಲಿಸಿದ್ದು ಅದು. ನಾನು ಮುಚ್ಚಿಡಲಿಕ್ಕೆ ಬಳಸಿದೆ. ಡಾಕ್ಟರು ಬಗ್ಗಿ ಮುಟ್ಟಿದರು, ತಲೆ ಎತ್ತಿ ನೀನು ಕೂತಿದ್ದ ಕಡೆ ಒಮ್ಮೆ ನೋಡಿದರು, "ಸರಿಯಪ್ಪಾ, ಹೋಗು," ಅಂದರು. ಅದಕ್ಕೆ ಮೊದಲು ಅವರೆದುರು ಓಡಿಸಿ ತೋರಿಸಿದಾಗಲೂ ಗೌರಿ ಕುಂಟಲಿಲ್ಲ. ಪಡೆಯಲ್ಲಿ ಪಳಗಿದ ಕುದುರೆ, ಜನ ಕಂಡರೆ ನೋವು ನುಂಗುತ್ತಿದ್ದಳು. ಎಲ್ಲಾ ಬೇಲಿ ಹಾರಿದಳು. ಕಪ್ ಗೆದ್ದೆವು. ಮೈದಾನದ ಬಾಗಿಲು ದಾಟುವಾಗ ಆ ಕಾಲು ನೆಲಕ್ಕೆ ಊರಲಿಲ್ಲ, ಮತ್ತೆ ಯಾವತ್ತೂ ಸರಿಯಾಗಿ ಊರಲಿಲ್ಲ. ನಿನಗೋಸ್ಕರ ಮಾಡಿದೆ, ಕೆಮ್ಮುತ್ತಾ ಬಂದಿದ್ದೀಯಲ್ಲ ಅಂತ ಮಾಡಿದೆ ಅಂದುಕೊಂಡಿದ್ದೆ ಬಹಳ ದಿನ. ಸುಳ್ಳು. ಆ ಕೂಗು ನನಗೆ ಇನ್ನೊಂದು ಸಲ ಬೇಕಿತ್ತು.

ಆಮೇಲೆ ನೀನು ಹನೂರಿನ ಸಂತೆಯಲ್ಲಿ ನಿಂತು, ಕೆಟ್ಟ ಕಾಲನ್ನು ಕಂಡುಹಿಡಿಯಲಿಲ್ಲ ಅಂತ ಡಾಕ್ಟರನ್ನು ಬೈದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ಕಾಲಿಗೂ ಒನಕೆಗೂ ಯತ್ವಾಸ ಗೊತ್ತಿಲ್ದೋನು ಡಾಕುಟ್ರಂತೆ!" ಸಾಯುವವರೆಗೂ ಅವರ ಜಗಲಿ ಹತ್ತಲಿಲ್ಲ ನೀನು. ನಿನ್ನ ಮಣ್ಣಿಗೆ ಅವರು ಬಂದಿದ್ದರು, ಗೊತ್ತಾ? ಬೇಲಿಯಾಚೆ ನಿಂತಿದ್ದು ಹಾಗೇ ಹೋದರು. ನಾನು ಕಂಡೂ ಕರೆಯಲಿಲ್ಲ.

ಮೊನ್ನೆ ಮಾಂಬಳ್ಳಿಯ ಜಮೀನ್ದಾರರು ತಮ್ಮ ಹೊಸ ಕುದುರೆಯನ್ನು ಈ ಸಲದ ಪಂದ್ಯದಲ್ಲಿ ನಾನೇ ಓಡಿಸಬೇಕು ಅಂತ ಹೇಳಿ ಕಳಿಸಿದರು. ಆ ಕುದುರೆಯ ಕಾಲು ತೋರಿಸಲು ಡಾಕ್ಟರ ಹತ್ತಿರ ಹಿಡಿದುಕೊಂಡು ಹೋದೆ. ಅವರು ಕೂತು ಕಾಲು ಮುಟ್ಟಿದರು. ಅಲ್ಲೇ ಎಲ್ಲಾ ಹೇಳಿಬಿಟ್ಟೆ. ಹೊಡೆಯಲಿ ಅಂತಲೇ ಕಾದೆ. ಅವರು ಕುದುರೆಯ ಕಾಲು ಬಿಡದೆ ಮೆತ್ತಗೆ ಕೇಳಿದರು, "ನೀನಾ? ಅವನಲ್ವಾ?"

"ಅಯ್ಯೋ, ಮಾವಂಗೆ ಗೊತ್ತೇ ಇರ್ನಿಲ್ಲ ಸಾ."

"ಮಣ್ಣಿನ ವಾಸನೆ ಬಂತಪ್ಪಾ ಅವತ್ತು. ಅದನ್ನ ಹಾಕೋನು ಅವನೊಬ್ನೇ ಅಲ್ವಾ, ಅವನೇ ಮಾಡಿದ್ದಾನೆ ಅಂದ್ಕೊಂಡೆ. ಅಲ್ಲಿ ಕೆಮ್ಕೊಂಡು ಕೂತಿದ್ದ. ಅವನ ಮುಖ ನೋಡಿ ಹೋಗು ಅಂದ್ಬಿಟ್ಟೆ. ಕುದುರೆ ಮುಖ ನಾನೂ ನೋಡ್ಲಿಲ್ಲ."

"ಮತ್ತೆ ಮಾವ ಊರೆಲ್ಲಾ ನಿಮ್ಮನ್ನ ಬೈಯ್ತಿದ್ರಲ್ಲಾ ಸಾ, ಯಾಕೆ ಸುಮ್ನಿದ್ರಿ?"

"ಹೇಳಿದ್ರೆ ಅವನ ಮಾನ ಹೋಗುತ್ತಲ್ಲಪ್ಪಾ."

ಇದೇ ನಿನಗೆ ಗೊತ್ತಿಲ್ಲದ ಸಂಗತಿ. ನೀನು ಅವರನ್ನು ದಡ್ಡ ಅಂದುಕೊಂಡು ಹೋದೆ. ಅವರು ನಿನ್ನನ್ನು ಕಳ್ಳ ಅಂದುಕೊಂಡು ಕಾಪಾಡಿದರು. ನಡುವೆ ನಾನು ಉಂಡು, ಮಲಗಿ, ಮೀಸೆ ತಿರುವಿಕೊಂಡು ಓಡಾಡಿದೆ.

ಪಂದ್ಯಕ್ಕೆ ಮೊದಲು ಮೈದಾನದಲ್ಲಿ ಎಲ್ಲರೆದುರು ಇದನ್ನು ಹೇಳುತ್ತೇನೆ. ಆಮೇಲೆ ಯಾರೂ ನನ್ನ ಕೈಗೆ ಕುದುರೆ ಕೊಡಲಿಕ್ಕಿಲ್ಲ, ಕೊಡಬಾರದು ಕೂಡ. ಗೌರಿ ಕೊಟ್ಟಿಗೆಯಲ್ಲಿದ್ದಾಳೆ. ನಾನು ಒಳಗೆ ಬಂದರೆ ಈಗಲೂ ಕತ್ತು ಚಾಚುತ್ತಾಳೆ, ನನಗೆ ಅದನ್ನು ತಡೆಯಲಾಗುವುದಿಲ್ಲ.

ಸೋಮವಾರ ಡಾಕ್ಟರನ್ನು ನಿನ್ನ ಹೊಲಕ್ಕೆ ಕರೆದುಕೊಂಡು ಬರುತ್ತಿದ್ದೇನೆ. ಅವರೇ ಕೇಳಿದರು. ನಿನ್ನ ಹತ್ತಿರ ಒಬ್ಬರೇ ಮಾತಾಡಬೇಕಂತೆ. "ನೀನು ರಸ್ತೆ ಹತ್ರಾನೇ ನಿಂತ್ಕೋಪ್ಪಾ," ಅಂದರು. ನಿಂತಿರುತ್ತೇನೆ ಮಾವ.