ಹಳದಿ ದೀಪದ ತೂತಿಗೆ ಬಿರಡೆ ಹಾಕಬೇಡಿ

ತಗ್ಗಿಗೆ ಇಳಿದ ಎಂಬತ್ತೊಂದನೆಯ ವರ್ಷ, ನೆರಳುತಿಂಗಳ ನಲವತ್ತೆರಡನೆಯ ದಿನ. ಹಳೇ ಲೆಕ್ಕದಲ್ಲಿ ಇದು ೨೨೦೬ ಇರಬಹುದು, ಇಲ್ಲದೆಯೂ ಇರಬಹುದು. ಆ ಲೆಕ್ಕ ಇಡುತ್ತಿದ್ದವರು ಸತ್ತರು.

ನನ್ನ ನಂತರ ಈ ಮನೆಯಲ್ಲಿ ಇರಲಿಕ್ಕೆ ಬರುವವರೇ,

ಈ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಸಹಿಸಿಕೊಳ್ಳಿ. ನಿಮ್ಮ ಕಾಲಕ್ಕೆ ಕನ್ನಡ ಯಾವ ಕಡೆಗೆ ಹೊರಳಿರುತ್ತದೋ ನನಗೆ ತಿಳಿಯದು. ನಾನು ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಮೇಷ್ಟ್ರ ಕೋಲು ಕಿತ್ತುಕೊಂಡು ಮುರಿದೆ, ಅಲ್ಲಿಗೆ ಓದು ಮುಗಿಯಿತು. ಕ್ಷಮೆ ಕೇಳಿ ರೂಢಿಯಿಲ್ಲ. ಈಗ ಒಂದು ಸಲ ಕೇಳಿದ್ದೇನೆ, ಸಾಕು. ನನ್ನ ಹೆಸರು ಹುಲಿಗೆವ್ವ. ಈ ತಗ್ಗಿನ ಮಂದಿಗೆ ಕಣ್ಣುಡಬ್ಬಿ ಮಾಡಿಕೊಡುವವಳು. ಇದ್ದ ಒಬ್ಬಳೇ ಮಗಳು ಪಂಪಾವತಿ ಹೋದಳು. ನನ್ನ ಹೊಟ್ಟೆಯ ಸಾಲು ಅಲ್ಲಿಗೆ ನಿಂತಿತು. ಆದ್ದರಿಂದ ನೀವು ಯಾರೇ ಆಗಿರಿ, ಈ ಕೆಲಸ ನಿಮಗೇ ಹೇಳಬೇಕು.

ನಾವಿರುವುದು ಸೊಂಡೂರು ಸೀಮೆಯ ಹಳೇ ಗಣಿಯೊಂದರ ತಗ್ಗಿನಲ್ಲಿ. ಮೇಲಿನ ನೆಲ ಮನುಷ್ಯ ಇರುವಂಥದ್ದಾಗಿ ಉಳಿಯದೇ ಇದ್ದಾಗ ನಮ್ಮಜ್ಜಂದಿರು ಇಲ್ಲಿ ಇಳಿದು, ಗೋಡೆಯಲ್ಲಿ ಮನೆ ಕೊರೆದರು. ಮೇಲೆ ಹೋಗದೆ ನಡೆಯುವುದಿಲ್ಲ. ಬಿಸಿಲನ್ನು ಕರೆಂಟು ಮಾಡುವ ಬಿಸಿಲ್ತಟ್ಟೆಗಳ ಧೂಳು ಒರೆಸಬೇಕು, ಎಸೆದಗುಡ್ಡದಿಂದ ಸಾಮಾನು ಹೆಕ್ಕಿ ತರಬೇಕು. ಹಿಂದಿನವರು ಬಿಸಾಕಿದ್ದೆಲ್ಲ ಸೇರಿ ಬೆಳೆದ ಗುಡ್ಡ ಅದು. ಅವರು ಎಲ್ಲದಕ್ಕೂ ಒಂದೊಂದು ಸಣ್ಣ ದೀಪ ಇಟ್ಟಿದ್ದರು. ಹಲ್ಲುಜ್ಜುವ ಬ್ರಶ್ಶಿಗೂ ದೀಪ! ಈಗ ಅಂಥ ದೀಪ ಮಾಡುವವರು ಎಲ್ಲೂ ಇಲ್ಲ. ಗುಡ್ಡದಲ್ಲಿ ಸಿಕ್ಕಿದ್ದೇ ಸೈ.

ಮೇಲೆ ಹೋಗುವವರು ಟೊಪ್ಪಿಗೆಗೆ ಒಂದು ಕೂಗುಬಿಲ್ಲೆ ಸಿಕ್ಕಿಸಿಕೊಳ್ಳುತ್ತಾರೆ. ಹೆಬ್ಬೆರಳಿನಷ್ಟು ದೊಡ್ಡದು, ಮೇಲೆ ಬಿಸಿಲ್ತಟ್ಟೆಯ ಚೂರು, ಪಕ್ಕಕ್ಕೆ ಒಂದು ಗುಂಡಿ. ಅದು ಕಿವಿಗೆ ಕೇಳದ ಹಾಗೆ ಕೂಗುತ್ತಿರುವ ತನಕ ಮನೆಯ ಕಣ್ಣುಡಬ್ಬಿಯಲ್ಲಿ ಅವರ ದೀಪ ಉರಿಯುತ್ತದೆ. ಹೊತ್ತಿಗೆ ಮುಂಚೆ ಆರಿದರೆ ಮನೆಯವರು ಓಡಬೇಕು. ವಾಪಸು ಬಂದವರು ಗುಂಡಿಯನ್ನು ತಾವೇ ಒತ್ತಿ ಆರಿಸಿಕೊಳ್ಳಬಾರದು. ಬಾಗಿಲಲ್ಲಿ ತಲೆ ಬಗ್ಗಿಸಿ ನಿಲ್ಲಬೇಕು, ಮನೆಯವರು ಒತ್ತಬೇಕು. ಆಗಲೇ ಬಂದ ಹಾಗೆ ಲೆಕ್ಕ. ಅಲ್ಲಿಯವರೆಗೆ ನಾನು ತುತ್ತು ಎತ್ತುತ್ತಿರಲಿಲ್ಲ. ಪಂಪಿಗೆ ಅದೇ ಸಿಟ್ಟು. “ಉಣ್ಣವ್ವಾ, ನನ್ ದೀಪ ನೋಡ್ಕೋತ ಕುಂದ್ರಬ್ಯಾಡ. ಅದೇನ್ ಹೊಟ್ಟಿ ತುಂಬಸ್ತೈತೇನು?” ಎನ್ನುತ್ತಿದ್ದಳು.

ಡಬ್ಬಿ ಮಾಡುವ ರೀತಿಯನ್ನೂ ಬರೆದಿಡುತ್ತೇನೆ. ನಿಮಗೆ ಕಲಿಸಲು ಅವಳಿಲ್ಲ. ಟಿಫಿನ್ ಡಬ್ಬಿಯಾಗಲಿ, ಬಣ್ಣದ ಡಬ್ಬಿಯಾಗಲಿ, ಮುಚ್ಚಳ ಗಟ್ಟಿ ಇರಬೇಕು. ಪ್ರತಿ ಬಿಲ್ಲೆಗೂ ಅದರ ಕೂಗನ್ನಷ್ಟೇ ಹಿಡಿಯುವ ಜೋಡಿ ಚೂರು ಒಂದಿರುತ್ತದೆ, ಅದನ್ನು ಡಬ್ಬಿಯ ತಳದಲ್ಲಿ ಕೂಡಿಸಿ. ಕೊರೆಯುವಾಗ ಕೆಳಗೆ ಕಟ್ಟಿಗೆ ತುಂಡು ಇಡಿ, ಇಲ್ಲದಿದ್ದರೆ ತಗಡು ನೆಗ್ಗುತ್ತದೆ. ತೂತು ದೀಪಕ್ಕಿಂತ ಕೂದಲೆಳೆಯಷ್ಟು ಸಣ್ಣದಿರಲಿ, ಆಮೇಲೆ ದುಂಡನೆಯ ಅರದಿಂದ ಉಜ್ಜಿ ಹಿಗ್ಗಿಸಿ. ದೀಪವನ್ನು ಒಳಗಿನಿಂದ ತಳ್ಳಿ, ಬುಡದ ಅಂಚು ತಗಡಿಗೆ ಕಚ್ಚಿ ನಿಲ್ಲಬೇಕು. ಉದ್ದನೆಯ ಕಾಲು ಪ್ಲಸ್ಸಿಗೆ, ಗಿಡ್ಡದು ಮೈನಸ್ಸಿಗೆ. ಅದಲುಬದಲು ಮಾಡಿ ದೀಪಕ್ಕೆ ಬೈಯಬೇಡಿ. ದಾರಿಯಲ್ಲಿ ಒಂದು ರೆಸಿಸ್ಟರ್ ಇರಲೇಬೇಕು. ಅದು ತಡೆಯದಿದ್ದರೆ ದೀಪ ಒಮ್ಮೆ ಜೋರಾಗಿ ಬೆಳಗಿ ಸತ್ತುಹೋಗುತ್ತದೆ. ಬೆಸುಗೆ ಹಾಕಿದ ಕಾಲುಗಳಿಗೆ ಹಳೇ ವೈರಿನ ಸಿಪ್ಪೆ ತೊಡಿಸಿ, ತಗಡಿಗೆ ತಾಗದ ಹಾಗೆ. ತಂತಿಯನ್ನು ಒಂದು ಗೇಣು ಸಡಿಲ ಬಿಟ್ಟರೆ ಸಾಕು. ಪಂಪಿ ಮಾತ್ರ ಮೊಳದುದ್ದ ಬಿಟ್ಟು ಸುರುಳಿ ಸುತ್ತುತ್ತಿದ್ದಳು. “ಏನಿದು, ಡಬ್ಯಾಗ ಕರುಳು ತುಂಬಿಟ್ಟಂಗ ಐತಿ!” ಎಂದು ಕೂಗಾಡಿದರೆ, “ಇರ್ಲಿ ಬಿಡವ್ವಾ. ಯಾವತ್ತರ ಬಿಚ್ಚೂ ಪ್ರಸಂಗ ಬಂದ್ರ ಎಳದು ಹರಿಯೂದು ಬ್ಯಾಡ” ಎಂದಳು. ಅದರ ಮೇಲೆ, “ನಿನ್ ಹಣಿಗೊಂದು ಕೆಂಪು ದೀಪ ಕೂಡಸ್ತೀನಿ ತಡಿ. ಸಿಟ್ಟು ಬರೂಕಿಂತ ಮೊದ್ಲ ಹತ್ತಿದ್ರ ಮಂದಿ ಓಡಿಹೋಗಿ ಬದಕ್ತಾರ” ಎಂದು ನಗುತ್ತಿದ್ದಳು. ಅವಳ ದೀಪ ಹಳದಿ, ನೆನೆಸಿದ ಕಡಲೆಬೇಳೆಯ ಬಣ್ಣ. ಅವಳೇ ಹುಡುಕಿ ತಂದದ್ದು.

ಇನ್ನೊಂದು ದೀಪ ಹುಡುಕಲು ಅವಳು ಹೋದ ದಿನ ಎಸೆದಗುಡ್ಡದ ಒಂದು ಮಗ್ಗುಲು ಜಾರಿತು. ಆ ಬೆಳಿಗ್ಗೆ ನಾನು ಡಬ್ಬಿಯ ಮುಂದೆಯೇ ಕುಳಿತಿದ್ದೆ. ದೀಪ ಉರಿಯುತ್ತಲೇ ಇತ್ತು. ಅದು ಮಿಟುಕಲೂ ಇಲ್ಲ. ಪಂಪಿ ಗುಡ್ಡದಡಿ ಸಿಕ್ಕಳೆಂದು ಜನ ಓಡಿಬಂದು ಹೇಳಿದಾಗ ದೀಪ ತೋರಿಸಿ ಅವರನ್ನೇ ಬೈದೆ. ಎಲ್ಲರೂ ಹೋಗಿ ಅಗೆದರೂ ಅವಳು ಸಿಗಲಿಲ್ಲ. ಗುಡ್ಡ ಮತ್ತೆ ಜಾರತೊಡಗಿದಾಗ ಪಕ್ಕದ ಮನೆಯ ಮೈಲಾರಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದ. ಅವಳ ಟೊಪ್ಪಿಗೆ ಎಲ್ಲೋ ಮೇಲುಗಡೆ ಬಿಸಿಲಿನಲ್ಲಿ ಬಿದ್ದಿರಬೇಕು. ಆ ಗುಡ್ಡದ ಮೈ ತುಂಬ ಹೊಳೆಯುವ ಚೂರುಗಳೇ, ಅದರಲ್ಲಿ ಹೆಬ್ಬೆರಳಿನಷ್ಟರದನ್ನು ಎಲ್ಲಿ ಹುಡುಕುತ್ತೀರಿ?

ನಮ್ಮ ಬಿಲ್ಲೆಗಳ ಬ್ಯಾಟರಿಗಳೆಲ್ಲ ಎಂದೋ ಸತ್ತಿವೆ, ಬಿಸಿಲ್ತಟ್ಟೆ ಮಾತ್ರ ಉಳಿದಿದೆ. ಆದ್ದರಿಂದ ಹೊತ್ತು ಹುಟ್ಟಿದರೆ ಹಳದಿ ದೀಪ ಹತ್ತುತ್ತಿತ್ತು, ಹೊತ್ತು ಮುಳುಗಿದರೆ ಆರುತ್ತಿತ್ತು. ದಿನಾ ಬೆಳಿಗ್ಗೆ ಇಬ್ಬರಿಗೆ ಅಂಬಲಿ ಕಾಸಿದೆ. ದಿನಾ ಸಂಜೆ ದೀಪ ಆರಿದ ಕೂಡಲೇ ಬಾಗಿಲ ಕಡೆ ನೋಡಿದೆ, ತಲೆ ಬಗ್ಗಿಸಿ ನಿಂತಿದ್ದಾಳೇನೋ ಎಂದು. ದೀಪ ಹೇಳುವುದು ಒಂದೇ ಮಾತು: ನನ್ನೊಳಗೆ ಕರೆಂಟು ಹರಿಯುತ್ತಿದೆ. ಮಿಕ್ಕಿದ್ದೆಲ್ಲ ನಾವು ಹೇಳಿಕೊಳ್ಳುವುದು. ಊರಿಗೆಲ್ಲ ಇದನ್ನು ಕಲಿಸಿದವಳು ನಾನೇ, ನೋಡಿ.

ಸತ್ತವರ ದೀಪವನ್ನು ಬಿಚ್ಚಿ, ದೀಪವಿಲ್ಲದವರಿಗೆ ಕೊಡುವುದು ತಗ್ಗಿನ ಪದ್ಧತಿ. ನನ್ನ ಬಾಯಿಗೆ ಹೆದರಿ ಯಾರೂ ಕೇಳಲಿಲ್ಲ. ಮೈಲಾರಪ್ಪನ ಹೆಂಡತಿ ದುರುಗವ್ವ ತಟ್ಟೆ ಒರೆಸಲು ಹೋಗುವವಳು; ಅವಳಿಗೆ ಬಿಲ್ಲೆ ಇತ್ತು, ಮನೆಯಲ್ಲಿ ದೀಪ ಇರಲಿಲ್ಲ. ಮೊನ್ನೆ ಬಿಲ್ಲೆಗೆ ಬಿಸಿಲು ತಾಗದ ಹಾಗೆ ಅದರ ಮೇಲೆಯೇ ಬೋರಲು ಬಿದ್ದು, ಬಿಸಿಲಿನಲ್ಲಿ ಬೇಯುತ್ತಿದ್ದಳು. ದೀಪ ಇದ್ದಿದ್ದರೆ ಆರಿಹೋಗಿ ತಿಳಿಯುತ್ತಿತ್ತು. ಗಂಡ ಮನೆಯಲ್ಲಿ ಉಳ್ಳಾಗಡ್ಡಿ ಸುಲಿಯುತ್ತ ಕುಳಿತಿದ್ದ. ಬೇರೆ ಯಾರೋ ನೋಡಿ ಹೊತ್ತು ತಂದರು, ಬದುಕಿದಳು. ಮರುದಿನ ಅವನು ಒಂದು ಡಬ್ಬಿ ಹಿಡಿದು ಬಂದ. ಮುಚ್ಚಳಕ್ಕೆ ತಾನೇ ತೂತು ಹಾಕಿದ್ದ.

“ದೊಡ್ಡವ್ವಾ, ಇದನ್ನೊಂದೀಟು ನೋಡು.”

“ತೂತಲ್ಲೋ ಇದು, ಬಾವಿ. ದೀಪ ಹಾಕೂದಲ್ಲ, ಕೊಡಾ ಇಳಿಬಿಡು.”

“ಬೈಯಿ, ದೊಡ್ಡವ್ವಾ. ಹಾಕಾಕ ದೀಪರ ಎಲ್ಲೈತಿ?”

ಹಾಗೆಂದವನು ನನ್ನ ಡಬ್ಬಿಯ ಕಡೆ ನೋಡಬಾರದೆಂದು ಗೋಡೆಯ ಕಡೆ ಮುಖ ತಿರುಗಿಸಿದ. ನನ್ನನ್ನು ಹೆಗಲ ಮೇಲೆ ಹೊತ್ತ ಮನುಷ್ಯ. ಡಬ್ಬಿ ಇಟ್ಟು ಹೋಗು ಎಂದೆ.

ನಿನ್ನೆ ಹೊತ್ತು ಹುಟ್ಟುವ ಮೊದಲೇ ಬಿಚ್ಚಿಬಿಡೋಣವೆಂದು ಮುಚ್ಚಳ ತೆಗೆದೆ. ಉರಿಯುವಾಗ ಕೈ ಹಾಕಬಾರದು ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಬೆಸುಗೆ ಕಡ್ಡಿಯನ್ನು ಎರಡೆರಡು ಸಲ ಕಾಸಿ ತಡಮಾಡಿದೆ. ಕಾದ ಕಡ್ಡಿ ಬೆಸುಗೆಗೆ ತಾಗಬೇಕು, ಅಷ್ಟರಲ್ಲಿ ನನ್ನ ಮೂಗಿನ ಮುಂದೆಯೇ ಹಳದಿ ಹತ್ತಿತು. ಕಡ್ಡಿ ಕೆಳಗಿಟ್ಟೆ. ಇಡೀ ದಿನ ಅದರ ಜೊತೆ ಕುಳಿತು ಮಾತಾಡಿದೆ. ಹೆಚ್ಚಿನದು ಬೈಗುಳವೇ. ಸಂಜೆ ಅದು ತಾನಾಗಿಯೇ ಆರಿತು. ಆಗ ಬಾಗಿಲ ಕಡೆ ನೋಡಲಿಲ್ಲ. ಬೆಸುಗೆ ಕರಗಿಸಿ ದೀಪ ತೆಗೆದೆ. ಮೊಳದುದ್ದ ತಂತಿ ಇದ್ದದ್ದಕ್ಕೆ ಏನನ್ನೂ ಎಳೆಯಬೇಕಾಗಲಿಲ್ಲ, ಏನೂ ಹರಿಯಲಿಲ್ಲ. ಮೈಲಾರಪ್ಪನ ಬಾವಿಯಂಥ ತೂತಿಗೆ ದೀಪ ಸಡಿಲಾಗುತ್ತದೆಂದು ಪಂಪಿಯ ಹಳೇ ಚಪ್ಪಲಿಯ ರಬ್ಬರು ಕತ್ತರಿಸಿ ಸುತ್ತಿ ಕೂಡಿಸಿದೆ.

ಇವತ್ತು ದುರುಗವ್ವ ಮೇಲೆ ಹೋದಳು, ಅವರ ಮನೆಯಲ್ಲಿ ಹಳದಿ ಹತ್ತಿತು. ಬಂದಳು, ತಲೆ ಬಗ್ಗಿಸಿದಳು, ಅವನು ಗುಂಡಿ ಒತ್ತಿದ. ನಾನು ನೋಡಿ, “ದೀಪ ಸೊಟ್ಟ ಕುಂತೈತಿ” ಎಂದು ಹೇಳಿ ಎದ್ದು ಬಂದೆ. ಸೊಟ್ಟ ಇರಲಿಲ್ಲ.

ಈಗ ನಿಮ್ಮ ಕೆಲಸ. ನನ್ನ ಡಬ್ಬಿಯ ತೂತಿಗೆ ಬಿರಡೆ ಹಾಕಬೇಡಿ. ಒಳಗೆ ತಂತಿಯ ತುದಿಗಳಿಗೆ ಸಿಪ್ಪೆ ತೊಡಿಸಿ ಸುರುಳಿ ಇಟ್ಟಿದ್ದೇನೆ. ಆ ಡಬ್ಬಿ ಈಗಲೂ ಅವಳ ಬಿಲ್ಲೆಯ ಕೂಗು ಹಿಡಿಯುತ್ತಲೇ ಇದೆ, ತೋರಿಸಲು ದೀಪವಿಲ್ಲ ಅಷ್ಟೇ. ನಿಮ್ಮ ಕಾಲಕ್ಕೆ ದೀಪಗಳು ಹೆಚ್ಚಿದ್ದರೆ ಒಂದನ್ನು ಅಲ್ಲಿ ಕೂಡಿಸಿ, ಯಾವ ಬಣ್ಣವಾದರೂ ಸರಿ. ಹಗಲಲ್ಲಿ ಹತ್ತಿದರೆ ಅವಳು ಇನ್ನೂ ಹೊರಗೇ ಇದ್ದಾಳೆ ಎಂದು ತಿಳಿಯಿರಿ. ಗುಡ್ಡ ಜಾರುವುದು ನಿಂತಿದ್ದರೆ ಮಾತ್ರ ಮೇಲೆ ಹತ್ತಿ ಹುಡುಕಿ. ನನ್ನ ಮಗಳಿಗಾಗಿ ಯಾರ ಮಗಳೂ ಹೋಗಬಾರದು. ಅಂಚಿಗೆ ನೀಲಿ ಬಟ್ಟೆ ಸುತ್ತಿದ ಬಿಲ್ಲೆ ಅದು. ಎರಡು ತಿರುಪು ಹಾಕು ಎಂದರೆ ಒಂದೇ ಹಾಕಿದ್ದಾಳೆ, ಸೋಮಾರಿ.

ಸಿಕ್ಕರೆ ಅಲ್ಲೇ ಆರಿಸಬೇಡಿ. ಈ ಮನೆಯ ಬಾಗಿಲಿಗೆ ತನ್ನಿ. ಒಳಗಿದ್ದವರು ಒಬ್ಬರು ಎದ್ದು ಬಂದು ಗುಂಡಿ ಒತ್ತಿ. ಆಮೇಲೆ ಊಟಕ್ಕೆ ಕೂಡಿ.