ಸೀಟಿನ ಹಿಂದಿನ ಎರಡು ಪೆಟ್ಟಿಗೆ

ಜನವರಿ ೮, ಬುಧವಾರ. ಬೆಳಿಗ್ಗೆ ೬:೪೦

ಹಾಕಿದ್ದು ೨೦೦೦. ಬಂದದ್ದು ೨೧೫೦. ತಿಳಿಯಾಗಿದೆ.

ಆಸ್ಪತ್ರೆಯವರು ಕೊಟ್ಟ ಪುಸ್ತಕ ಇದು. ನನ್ನ ಹೆಂಡತಿ ಸಾಕಮ್ಮನ ಹೊಟ್ಟೆಗೆ ಹೋದ ನೀರು, ಬಂದ ನೀರು ಎಡಗಡೆ ಪುಟಕ್ಕೆ. ಬಲಗಡೆ ಪುಟ ಖಾಲಿ. ಅದು ನನ್ನದು.

ಅವಳ ಕಿಡ್ನಿ ಕೈಕೊಟ್ಟು ಎರಡು ವರ್ಷ. ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಪೈಪಿನಿಂದ ಹಳೆ ನೀರು ಇಳಿಸಬೇಕು, ಹೊಸ ಚೀಲ ತೂಗುಹಾಕಿ ತುಂಬಿಸಬೇಕು. ಬಾಗಿಲು ಮುಚ್ಚು, ಫ್ಯಾನ್ ಆರಿಸು, ಮಾಸ್ಕ್ ಹಾಕು. ಇಳಿದ ಚೀಲದ ಹಿಂದೆ ಬರಹ ಹಿಡಿದು ನೋಡಬೇಕು. ಅಕ್ಷರ ಕಂಡರೆ ಸರಿ. ಮಬ್ಬಾದರೆ ಒಳಗೆ ನಂಜು. ನರ್ಸ್ ಸೆಲ್ವಿ ಕಲಿಸಿದ್ದು. ನಾನು ಕ್ಯಾಲೆಂಡರ್ ಹಿಡಿಯುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ದಿನಕ್ಕೆ ನಾಲ್ಕು ಪಾಠ.

ಸಾಕಮ್ಮನ ಅಕ್ಕನ ಫೋನು ಬಂತು. ಮುಳಬಾಗಿಲಿನ ನಾರಾಯಣಮ್ಮ. ಕಣ್ಣು ಪೂರ್ತಿ ಹೋಗಿದೆ.

“ನನ್ಗೆ ದಾರಿ ಕಾಣಲ್ಲ, ನೀನೇ ಬಾರೇ.”

“ನನ್ನ ಗೂಟಕ್ಕೆ ಕಟ್ಟವ್ರೆ ಕಣಕ್ಕ. ಆರು ಗಂಟೆಗೊಂದ್ಸಲ ಹಗ್ಗ ಎಳೀತದೆ.”

ಇಬ್ಬರೂ ನಕ್ಕರು. ಫೋನು ಇಟ್ಟ ಮೇಲೆ ಇವಳು ಗೋಡೆ ಕಡೆ ತಿರುಗಿ ಕೂತಳು. ಅದನ್ನು ನೋಡಿ ನನಗೆ ಕೋಪ ಬಂತು. ಯಾರ ಮೇಲೆ ಗೊತ್ತಿಲ್ಲ.

ಅದೇ ದಿನ, ಸಂಜೆ

ಅಮ್ಮನನ್ನು ಮುಳಬಾಗಿಲಿಗೆ ಕರಕೊಂಡು ಹೋಗಲಾ ಅಂತ ಮಗನನ್ನು ಕೇಳಿದೆ. ಶಶಿಕುಮಾರ್. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮನೆಯಲ್ಲೂ ಸೂಪರ್‌ವೈಸರ್.

“ಬ್ಯಾಡಪ್ಪಾ. ಓದ್ ವರ್ಷ ದೇವಸ್ಥಾನ ಅಂತ ಹೋಗಿ ಇನ್‌ಫೆಕ್ಷನ್ ಆಗ್ಲಿಲ್ವಾ? ಹನ್ನೆರಡು ದಿನ ಆಸ್ಪತ್ರೆ. ಇನ್ನೊಂದ್ಸಲ ಆದ್ರೆ ಪೈಪೇ ತೆಗೀತೀವಿ ಅಂದವ್ರೆ ಡಾಕ್ಟ್ರು.”

“ಬಿಸಿ ಇಲ್ದಿರೋ ನೀರು, ಧೂಳಿನ ರೂಮು. ಅದುಕ್ಕೇ ಆಯ್ತು ಕಣ್ಲಾ.”

“ನಿನ್ಗೇನ್ ಗೊತ್ತು? ನೀನೇನ್ ಡಾಕ್ಟ್ರಾ?”

ಅಲ್ಲ. ಟಿಂಕರ್. ಐವತ್ತೈದು ವರ್ಷ ತಗಡು ಬಡಿದವನು.

ಜನವರಿ ೯, ಗುರುವಾರ

ಶೆಡ್ಡಿಗೆ ಹೋಗಿ ಕಾರಿನ ಮುಸುಕು ತೆಗೆದೆ.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ೧೯೬೬. ಎರಡೇ ಸೀಟು, ಬಟ್ಟೆ ಟಾಪು. ತಳಿ ಅನ್ನೋ ಊರಿನ ಎಸ್ಟೇಟಿನವರೊಬ್ಬರು ಗುಜರಿ ಅಂತ ಬಿಟ್ಟುಹೋದದ್ದನ್ನು ಆರು ವರ್ಷ ಬಡಿದು ಎಬ್ಬಿಸಿದೆ. ಹೊಸೂರಿನಲ್ಲಿ ಇದರಲ್ಲಿ ಕೂರದವರಿಲ್ಲ. ಸಾಕಮ್ಮ ಒಬ್ಬಳನ್ನು ಬಿಟ್ಟು. ಆವತ್ತೇ ಹೇಳಿದ್ದಳು — “ಮಗೀನ ಎಲ್ಲಿ ಕೂರುಸ್ಲಿ? ಬ್ಯಾಗ್ ಎಲ್ಲಿ ಇಕ್ಲಿ? ನಿಮ್ ಗಾಡೀಲಿ ನಿಮ್ಗೊಬ್ಬರ್ಗೇ ಜಾಗ.” ಮೂವತ್ತು ವರ್ಷ ಆಯಿತು. ಮಾತು ವಾಪಸ್ ತಗೊಂಡಿಲ್ಲ.

ಡಿಕ್ಕಿಯಲ್ಲಿ ಚೀಲ ಇಡುವ ಹಾಗಿಲ್ಲ. ಕೆಳಗೇ ಟ್ಯಾಂಕು, ಪೆಟ್ರೋಲ್ ವಾಸನೆ. ಆದರೆ ಸೀಟಿನ ಹಿಂದೆ ಹಲಗೆಯಷ್ಟು ಜಾಗ ಇದೆ. ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ. ಮುಚ್ಚಳಕ್ಕೆ ರಬ್ಬರ್ ಬೀಡಿಂಗ್, ಧೂಳು ನುಗ್ಗಬಾರದು. ಎಡಗಡೆ ತಳದಲ್ಲಿ ಸೈಲೆನ್ಸರ್ ಪೈಪು ಹಾದು ಹೋಗುತ್ತದೆ. ಅದರ ಬಿಸಿ ಸುಮ್ಮನೆ ದಂಡವಾಗುತ್ತಿದೆ. ಚೀಲಕ್ಕೆ ಬೇಕಾದದ್ದೂ ಬಿಸಿಯೇ.

ಸೆಲ್ವಿಗೆ ಫೋನು ಮಾಡಿದೆ. “ಐಯಾ, ಜನ ತಿರುಪತಿಗೇ ಹೋಗಿ ಬರ್ತಾರೆ. ಮೈಬಿಸಿ ಇರಬೇಕು, ಕ್ಲೀನ್ ಇರಬೇಕು. ಅವ್ವಳವುದಾನ್, ಅಷ್ಟೇ. ಆದ್ರೆ ನೀವು ಕೋಪದಲ್ಲಿ ಕೈ ತೊಳೀಬೇಡಿ, ನಿಧಾನ ತೊಳೀರಿ.”

ನನ್ನ ಕೋಪ ಇವಳಿಗೆ ಯಾರು ಹೇಳಿದರು.

ಜನವರಿ ೧೩, ಸೋಮವಾರ

ತಗಡು ಕತ್ತರಿಸಿದೆ. ಮಡಿಸಿದೆ. ಕಾರಿನ ಬಾಡಿಯಲ್ಲಿ ಎಂಟು ತೂತು ಕೊರೆದು ರಿವೆಟ್ ಹೊಡೆಯುತ್ತಿದ್ದೆ. ಅನಂತ್ ಬಂದರು. ಹಳೇ ಕಾರುಗಳ ಕ್ಲಬ್ಬಿನವರು. ಪೇಟೆಯ ಹಳೇ ಮನೆತನ, ಮೃದು ಮಾತು. ಫೆಬ್ರವರಿ ಪ್ರದರ್ಶನಕ್ಕೆ ನನ್ನ ಗಾಡಿಯದ್ದೇ ಮೊದಲ ಹೆಸರು ಬರೆಸಿದ್ದರು. ತೂತು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

“ರಾಮಕೃಷ್ಣಪ್ಪನವರೇ, ಏನು ಮಾಡಿಬಿಟ್ರಿ! ಐವತ್ತೊಂಬತ್ತು ವರ್ಷ ಒರಿಜಿನಲ್ ಆಗಿದ್ದ ಬಾಡಿ. ತೂತು ಹಾಕಿದ್ರೆ ಇನ್ನು ಬೆಲೆ ಎಲ್ಲಿ?”

“ನನ್ ಹೆಂಡ್ತಿ ಹೊಟ್ಟೆಗೂ ತೂತ್ ಹಾಕವ್ರೆ. ಅವಳ್ ಬೆಲೆ ಕಮ್ಮಿ ಆಯ್ತೇನ್ರೀ?”

ಪುಣ್ಯಾತ್ಮ ತೂತುಗಳ ಮೇಲೆ ಒಂದ್ಸಲ ಬೆರಳಾಡಿಸಿದರು. ಹೋಗುವಾಗ ಮೆಲ್ಲಗೆ, “ಹೆಸರು ತೆಗೆಸಬೇಕಾಗತ್ತೆ” ಅಂದರು.

“ತೆಗ್ಸಿ. ಕೆಂಪು ಇಂಕಲ್ಲಿ ತೆಗ್ಸಿ.”

ಮತ್ತೆ ರಿವೆಟ್ ಹೊಡೆದೆ. ಬೇಕಂತಲೇ ಜೋರಾಗಿ.

ಜನವರಿ ೧೬, ಗುರುವಾರ

ಥೂ.

ಪೆಟ್ಟಿಗೆ ಎರಡೂ ಕೂತವು. ಒಂದೊಂದಕ್ಕೆ ಎರಡು ಚೀಲ. ಒಟ್ಟು ನಾಲ್ಕು. ಒಂದು ರಾತ್ರಿ ಇದ್ದು ಬರಬಹುದು. ಎದೆ ಉಬ್ಬಿಸಿಕೊಂಡು ಸಾಕಮ್ಮನನ್ನು ಶೆಡ್ಡಿಗೆ ಕರೆದೆ. ಬಂದಳು. ಕೂತಳು — ಮೂವತ್ತು ವರ್ಷಕ್ಕೆ ಮೊದಲ ಸಲ. ಕೂತವಳು ಉಸಿರು ಬಿಗಿ ಹಿಡಿದಳು.

“ಸೀಟ್ ಹಿಂದುಕ್ ತಳ್ರೀ. ಹೊಟ್ಟೇಲಿ ಎರಡು ಲೀಟ್ರು ಐತೆ.”

ತಳ್ಳಿದೆ. ಹೋಗಲಿಲ್ಲ. ಹಿಂದೆ ನನ್ನ ಪೆಟ್ಟಿಗೆ.

ಚೀಲ ಅಳೆದೆ, ಪೆಟ್ಟಿಗೆ ಅಳೆದೆ, ಪೈಪು ಅಳೆದೆ. ಕೂರುವವಳನ್ನು ಅಳೆಯಲಿಲ್ಲ. ಸುತ್ತಿಗೆ ಎತ್ತಿ ಬಿಸಾಕಿದೆ. ಅವಳು ಹೆದರಲಿಲ್ಲ. ಸೀಟಿನಲ್ಲೇ ಕೂತು ನಗುತ್ತಿದ್ದಳು.

“ನಾನ್ ಆವತ್ತೇ ಅಂದಿದ್ನಲ್ಲ. ನಿಮ್ ಗಾಡೀಲಿ ನಿಮ್ಗೊಬ್ಬರ್ಗೇ ಜಾಗ.”

ಎಡಗಡೆ ಪೆಟ್ಟಿಗೆ ಬಿಚ್ಚಿದೆ. ನಾಲ್ಕಂಗುಲ ಕತ್ತರಿಸಬೇಕು. ಕತ್ತರಿಸಿದರೆ ಅದರಲ್ಲಿ ಒಂದೇ ಚೀಲ. ಬಲಗಡೆ ಮಾಸ್ಕು, ಸಾಬೂನು, ಒಂದು ಹೆಚ್ಚಿನ ಚೀಲ. ರಾತ್ರಿ ಉಳಿಯುವುದು ಹೋಯಿತು. ಹೋಗಲಿ. ಹೋಗಿ ಬರುವುದು ಹೋಗಿಲ್ಲ.

ಜನವರಿ ೧೯, ಭಾನುವಾರ. ಸಂಜೆ

ಬಿಸಿ ಎಷ್ಟಾಗುತ್ತದೆ ಎಂದು ಹೇಗೆ ನೋಡುವುದು? ಚೀಲ ಇಟ್ಟು ಹಾಳು ಮಾಡುವುದು ಬೇಡ ಅನ್ನಿಸಿತು. ಸಾಕಮ್ಮ ಅಡುಗೆಮನೆಯಿಂದಲೇ ಕೂಗಿದಳು — “ಹಾಲಿಗೆ ಹೆಪ್ಪಾಕ್ ಕೊಡ್ತೀನಿ. ಪೆಟ್ಟಿಗೇಲಿ ಇಕ್ಕಿ ಸುತ್ಕೊಂಡ್ ಬನ್ನಿ. ಮೊಸರು ಗಟ್ಟಿಯಾಗ್ ಕೂತ್ರೆ ಬಿಸಿ ಸರಿ. ಒಡುದ್ರೆ ಜಾಸ್ತಿ. ಹಂಗೇ ಹಾಲಾಗಿದ್ರೆ ಕಮ್ಮಿ.”

ಹೆಂಗಸಿನ ಬುದ್ಧಿ ಅಂತ ಬೈಯುವ ನಾನೇ ಡಬ್ಬ ತೊಳೆದು ತಂದೆ.

ಸ್ಟೀಲ್ ಡಬ್ಬ ಇಟ್ಟುಕೊಂಡು ಹೊರಟೆ. ಉದ್ದನಪಲ್ಲಿ, ರಾಯಕೋಟೆ, ಕೃಷ್ಣಗಿರಿ, ಹೈವೇಯಲ್ಲಿ ವಾಪಸ್. ಐದು ಗಂಟೆ. ಕೃಷ್ಣಗಿರಿ ಟೀ ಅಂಗಡಿಯಲ್ಲಿ ಹುಡುಗರು ಸೆಲ್ಫಿ ತೆಗೆದರು. ಒಳಗೇನಿದೆ ಅಂದರು. ಹಾಲು ಅಂದೆ. ನಕ್ಕರು.

ಮನೆಗೆ ಬಂದು ಮುಚ್ಚಳ ತೆಗೆದರೆ — ಒಡೆದ ಹಾಲು. ಹಳದಿ ನೀರು, ಮೇಲೆ ಗಂಟು.

“ಚೀಲ ಆಗಿದ್ರೆ ನನ್ ಹೊಟ್ಟೆ ಬೇಯ್ತಿತ್ತು” ಅಂದಳು ಸಾಕಮ್ಮ.

ಜನವರಿ ೨೨, ಬುಧವಾರ

ಪೆಟ್ಟಿಗೆಯ ತಳಕ್ಕೂ ಪೈಪಿಗೂ ನಡುವೆ ಇನ್ನೊಂದು ತಗಡು, ಒಂದಂಗುಲ ಗಾಳಿ ಆಡುವ ಸಂದು. ಪೆಟ್ಟಿಗೆಯ ಒಳಗೆ ತೇಗದ ಪಟ್ಟಿ. ಎರಡನೇ ಸಲ ಅದೇ ದಾರಿ, ಅದೇ ಡಬ್ಬ.

ಮೊಸರು ಕೂತಿತು! ಡಬ್ಬ ಬೋರಲು ಹಾಕಿದರೂ ಅಲ್ಲಾಡಲಿಲ್ಲ. ಸೆಲ್ವಿ ಸಂಜೆ ಬಂದು ಚೀಲ ಇಟ್ಟು, ಎಂಜಿನ್ ಓಡಿಸಿ, ಥರ್ಮಾಮೀಟರ್ ಹಾಕಿ ನೋಡಿದಳು. ಮೂವತ್ತೇಳು.

“ಸೂಪರ್ ಐಯಾ! ನಮ್ಮ ಆಸ್ಪತ್ರೆ ಮಿಷಿನ್ ಕೂಡ ಇಷ್ಟು ಕರೆಕ್ಟ್ ಇಲ್ಲ.”

ಶಶಿಕುಮಾರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. “ಏನಾದ್ರೂ ಆದ್ರೆ ನಾನ್ ಜವಾಬ್ದಾರಿ ಅಲ್ಲ” ಅಂದ.

“ನಿನ್ನ ಯಾರ್ಲಾ ಕೇಳಿದ್ರು?” ಅಂದಳು. ನಾನಲ್ಲ, ಅವನ ಅಮ್ಮ. “ಹೋಗೋದ್ ನಾನು. ಹೊಟ್ಟೆ ನಂದು. ಜವಾಬ್ದಾರಿ ನಂದೇ.”

ಮೊಸರನ್ನ ಎರಡು ತಟ್ಟೆ ಉಂಡೆ.

ಜನವರಿ ೨೭, ಸೋಮವಾರ. ಮಧ್ಯಾಹ್ನ ೧:೧೦. ಮುಳಬಾಗಿಲು

ಬಂದೆವು.

ಬೆಳಿಗ್ಗೆ ಚೀಲ ಮುಗಿಸಿ ಏಳಕ್ಕೆ ಬಿಟ್ಟೆವು. ಬೇರಿಕೆಯಲ್ಲಿ ಸಂತೆಗೆ ಹೋಗುವ ಹೆಂಗಸರು ನಿಂತು ನೋಡಿದರು. ಇವಳು ಅವರಿಗೆ ಕೈ ಬೀಸಿದಳು, ಎಲೆಕ್ಷನ್‌ಗೆ ನಿಂತವಳ ಹಾಗೆ. ಗಡಿ ದಾಟಿದ ಮೇಲೆ ರಸ್ತೆ ಕೆಟ್ಟದು. ಹೊಟ್ಟೆ ಹಿಡಿದುಕೊಂಡಳು. ನಿಲ್ಲಿಸಲಾ ಅಂದೆ. “ನಿಲ್ಸುದ್ರೆ ನೋಡಿ” ಅಂದಳು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಕೈ ಸಾಬೂನಿನಲ್ಲಿ ತೊಳೆಸಿದ ಮೇಲೆಯೇ ಮುಟ್ಟಲು ಬಿಟ್ಟೆ. ಇವಳ ಮುಖ ತಡವಿ, “ಎಷ್ಟು ಒಣಗೋಗಿದೀಯೇ” ಅಂದಳು. “ನೀನೇನ್ ಕಂಡೆ?” ಅಂದಳು ಇವಳು. ಮತ್ತೆ ನಗು. ಆಮೇಲೆ ನಗು ಅಲ್ಲ.

ರೂಮು ನಾನೇ ಒರೆಸಿದೆ. ಕಿಟಕಿ ಮುಚ್ಚಿ ಸರಳಿಗೆ ಕೊಕ್ಕೆ ಸಿಕ್ಕಿಸಿ ಚೀಲ ತೂಗುಹಾಕಿದ್ದೇನೆ. ಮುಟ್ಟಿ ನೋಡಿದೆ, ಮೈಬಿಸಿ. ನೀರು ಇಳಿಯುತ್ತಿದೆ. ಮಾಸ್ಕ್ ಹಾಕಿಕೊಂಡ ಇಬ್ಬರು ಮುದುಕಿಯರು ಒಂದೇ ಮಂಚದ ಮೇಲೆ. ಮಾತು ನಿಲ್ಲುತ್ತಿಲ್ಲ. ಯಾರದೋ ಹಸು ಕದ್ದ ಕಥೆ, ಐವತ್ತು ವರ್ಷ ಹಳೆಯದು.

ಶಶಿ ಫೋನು ಬರುತ್ತಿದೆ. ಮೂರನೇ ಸಲ. ಕೂಗಿಕೊಳ್ಳಲಿ.

ಜನವರಿ ೨೮, ಮಂಗಳವಾರ. ಬೆಳಿಗ್ಗೆ

ಹಾಕಿದ್ದು ೨೦೦೦. ಬಂದದ್ದು ೨೧೦೦. ತಿಳಿ. ಆದರೆ ನಂಜು ತೋರಲು ಎರಡು ಮೂರು ದಿನ ಬೇಕು ಅಂದಳು ಸೆಲ್ವಿ. ನಿನ್ನೆ ಸಂಜೆ ಮನೆಗೆ ಬಂದಾಗಿನಿಂದ ಹೊಟ್ಟೆ ಸ್ವಲ್ಪ ನೋವು ಅನ್ನುತ್ತಾಳೆ ಇವಳು. ಗುಂಡಿಯಲ್ಲಿ ಕುಲುಕಿದ್ದಕ್ಕೋ, ಬೇರೆಯೋ. ಶಶಿ ಅವನ ಅಮ್ಮನ ಹಣೆ ಮುಟ್ಟಿ ನೋಡಿ ಶಿಫ್ಟಿಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಜನವರಿ ೩೦, ಗುರುವಾರ. ಬೆಳಿಗ್ಗೆ ೬:೩೦

ಮೂರನೇ ದಿನ. ರಾತ್ರಿಯಿಡೀ ಹೊಟ್ಟೆಯಲ್ಲಿದ್ದ ನೀರು ಈಗ ಇಳಿಯಿತು. ನೋವು ಇಲ್ಲ ಅನ್ನುತ್ತಾಳೆ. ಅವಳ ಮಾತು ನಂಬುವ ಹಾಗಿಲ್ಲ, ನನ್ನ ಮಾನ ಉಳಿಸಲು ಸುಳ್ಳೂ ಹೇಳುತ್ತಾಳೆ. ಚೀಲವೇ ಹೇಳಬೇಕು.

ಶಶಿ ಶಿಫ್ಟಿಗೆ ಹೋಗಿಲ್ಲ. ಪಕ್ಕದಲ್ಲಿ ನಿಂತಿದ್ದಾನೆ. ಕ್ಯಾಲೆಂಡರ್ ತರಲು ಹೋದ. ಬೇಡ ಕಣ್ಲಾ, ಅದರ ಅಕ್ಷರ ದಪ್ಪ, ಮಬ್ಬಾದರೂ ಕಂಡುಬಿಡುತ್ತದೆ ಅಂದೆ. ಇದೇ ಪುಸ್ತಕ ಹಿಡಿ. ಬಲಗಡೆ ಪುಟ. ನನ್ನ ಸೊಟ್ಟ ಪೆನ್ಸಿಲ್ ಬರಹ ಕಂಡರೆ ಏನು ಬೇಕಾದರೂ ಕಾಣುತ್ತದೆ.

ಹಿಡಿದ. ಚೀಲ ಎತ್ತಿ ಬೆಳಕಿಗೆ ಹಿಡಿದೆ. ನಾನು ಕಣ್ಣು ಮುಚ್ಚಿದೆ. ಅವನು ಓದಿದ, ಒಂದೊಂದೇ ಅಕ್ಷರ —

“ನಿಲ್ಸುದ್ರೆ… ನೋಡಿ… ಅಂದಳು.”

ತಿಳಿ. ಬಾವಿ ನೀರಿನಷ್ಟು ತಿಳಿ.

ಶಶಿ ಇನ್ನೂ ಪುಟ ಬಿಟ್ಟಿಲ್ಲ, ಹಿಂದಕ್ಕೆ ತಿರುವಿ ಮೊದಲಿಂದ ಓದಲು ಶುರು ಮಾಡಿದ. ಕಿತ್ತುಕೊಂಡೆ. ಅಷ್ಟರಲ್ಲಿ ಆ ಕಡೆಯಿಂದ ಸಾಕಮ್ಮ — “ರೀ, ಬಲಗಡೆ ಪೆಟ್ಟಿಗೇಲಿ ಅಕ್ಕಂಗೆ ಅಂತ ಒಂದ್ ಸೀರೆ ಇಕ್ಕೋ ಜಾಗ ಐತಾ? ಮುಂದಿನ್ ಸೋಮ್ವಾರ—”

ಅಳತೆ ಟೇಪು ಎಲ್ಲಿಟ್ಟೆ